ಸೆಕೆಂಡ್‌ಹ್ಯಾಂಡ್ ಸೆಸ್ನಾ 172, 1974ರ ಮಾಡೆಲ್: ಹೇಳಿದ ಪೆಟ್ಟು ಒಂದು, ಸಿಕ್ಕಿದ್ದು ಎರಡು

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಎರಡೂವರೆ ಸ್ಟಾರ್. ಎರಡು ಪ್ಲೇನ್‌ಗೆ, ಅರ್ಧ ಹ್ಯಾಂಗರ್ ವಾಚ್‌ಮನ್ ಕುಡಿಸಿದ ಶುಂಠಿ ಚಾಗೆ. ಮಾರೋರಿಗೆ ಕೊಡಕ್ಕೆ ಏನೂ ಉಳೀಲಿಲ್ಲ.

ನಾವು ಮೂರು ಜನ. ನಾನು ಶಿವಮೊಗ್ಗದ ಕಡೆಯವ್ನು, ಚಿಂಚ್ವಡ್‌ಗೆ ಬಂದು ಹದಿನಾಲ್ಕು ವರ್ಷ, ಚಾಕಣ್ ಕಡೆ ಕಾರ್ ಪೇಂಟ್ ಶಾಪ್‌ನಲ್ಲಿ ಕೆಲಸ. ಇನ್ನೊಬ್ಬ ಧಾರವಾಡದವ್ನು, ಹಿಂಜೇವಾಡೀಲಿ ಸಾಫ್ಟ್‌ವೇರು. ಮೂರನೆಯವ್ನು ಮುಂಬೈ ಮಾಟುಂಗಾದಲ್ಲೇ ಹುಟ್ಟಿದ ಉಡುಪಿ ಹೋಟ್ಲು ಮನೆತನದ ಹುಡ್ಗ, ದುಡ್ಡಿನ ಮುಕ್ಕಾಲು ಪಾಲು ಅವನ್ದೇ ಬಿಡಿ. ಮೂರೂ ಜನರ ಹತ್ರ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಇದೆ, ಗಂಟೆಗಿಷ್ಟು ಅಂತ ಫ್ಲೈಯಿಂಗ್ ಕ್ಲಬ್‌ಗೆ ಕೊಟ್ಟು ಕೊಟ್ಟು ಸಾಕಾಗಿ, ನಮ್ದೇ ಒಂದು ಹಳೇದು ತಗೊಂಡ್ಬಿಡೋಣ ಅಂತ ಎರಡು ವರ್ಷದಿಂದ ಮಾತು ನಡೀತಾನೇ ಇತ್ತು.

ಬ್ರೋಕರ್ ಕಳಿಸಿದ ಫೋಟೋ ನೋಡಿದ್ರೆ ಬಿಳಿ ಮೈ ಮೇಲೆ ಕೆಂಪು ಗೆರೆ, ಮದುವೆ ಹೆಣ್ಣು ಥರ. 172ಎಂ ಮಾಡೆಲ್, 150 ಹಾರ್ಸ್‌ಪವರ್ ಲೈಕಮಿಂಗ್ ಓ-320 ಎಂಜಿನ್ನು, ನಾಲ್ಕು ಸೀಟು. ಸೆಸ್ನಾದವ್ರು 172ನ 1956ರಿಂದ ಮಾಡ್ತಾ ಇದಾರೆ, ಮಧ್ಯ 1986ರಲ್ಲಿ ನಿಲ್ಸಿ ಹತ್ತು ವರ್ಷ ಬಿಟ್ಟು ಮತ್ತೆ ಶುರು ಮಾಡಿದ್ರು, ಪ್ರಪಂಚದಲ್ಲಿ ಇದಕ್ಕಿಂತ ಜಾಸ್ತಿ ಯಾವ ಪ್ಲೇನೂ ತಯಾರಾಗಿಲ್ಲ. ಹಾಗಾಗಿ ಪಾರ್ಟ್ಸ್ ಚಿಂತೆ ಇಲ್ಲ, ಮಾಡೆಲ್ ಬಗ್ಗೆ ನನ್ದೇನೂ ತಕರಾರಿಲ್ಲ. ತಕರಾರು ಈ ಒಂದು ಪ್ಲೇನ್ ಬಗ್ಗೆ.

ಬ್ರೋಕರ್ ಮುಚ್ಚಿಡದೆ ಹೇಳಿದ ಸಂಗ್ತಿ ಏನಪ್ಪಾ ಅಂದ್ರೆ 1998ರಲ್ಲಿ ಯಾರೋ ಸ್ಟೂಡೆಂಟ್ ಜೋರಾಗಿ ಇಳಿಸಿ, ಪ್ಲೇನು ಕಪ್ಪೆ ಥರ ಎರಡು ಸಲ ಕುಪ್ಪಳಿಸಿ, ಮುಂದಿನ ಚಕ್ರ ನೆಲಕ್ಕೆ ಬಡಿದು ಫೈರ್‌ವಾಲ್ (ಎಂಜಿನ್‌ಗೂ ಕಾಕ್‌ಪಿಟ್‌ಗೂ ಮಧ್ಯ ಇರೋ ಲೋಹದ ಗೋಡೆ) ಬೆಂಡ್ ಆಗಿತ್ತು, ರಿಪೇರಿ ಆಗಿದೆ, ಪೇಪರ್ ಇದೆ ಅಂತ. ಇದು ಸೆಸ್ನಾಗಳಿಗೆ ಮಾಮೂಲಿ ಕಾಯಿಲೆ. ಮೂಗಿನ ಚಕ್ರದ ಕಾಲು ಫೈರ್‌ವಾಲ್ ಕೆಳಭಾಗಕ್ಕೇ ಕೂತಿರೋದ್ರಿಂದ ಪೆಟ್ಟೆಲ್ಲ ಅಲ್ಲಿಗೇ ಹೋಗುತ್ತೆ. ಐವತ್ತು ವರ್ಷದ ಟ್ರೇನಿಂಗ್ ಪ್ಲೇನ್‌ಗೆ ಒಂದೂ ಪೆಟ್ಟಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ನಂಬಲ್ಲ, ಅದಕ್ಕೇ ಇವ್ರು ತಾವಾಗೇ ಹೇಳಿದ್ದು ಕೇಳಿ ಖುಷಿನೇ ಆಯ್ತು.

ಪುಣೆಯಿಂದ ಕಾರಲ್ಲಿ ಮೂರು ಗಂಟೆ, ಊರ ಹೆಸ್ರು ಬೇಡ. ಜೊತೆಗೆ ನಮ್ಮ ಮೇಷ್ಟ್ರನ್ನ ಕರ್ಕೊಂಡು ಹೋಗಿದ್ವಿ. ಮೈಸೂರಿನವ್ರು, ರಿಟೈರ್ಡ್ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರು, ಈಗ ಕೋಥ್ರೂಡ್‌ನಲ್ಲಿ ಮಗಳ ಮನೇಲಿ ಇದಾರೆ. ಅವರ ಫೀಸು ಪ್ಲೇನ್ ರೇಟಿನ ಮುಂದೆ ಚಿಲ್ರೆ ಕಾಸು. ಒಂದೇ ಕಂಡೀಷನ್ ಹಾಕಿದ್ರು: "ಮೊದ್ಲು ಪೇಪರು, ಆಮೇಲೆ ಪ್ಲೇನು. ಪ್ಲೇನ್ ನೋಡಿದ್ಮೇಲೆ ನಿಮ್ಗೆ ಓದಕ್ಕೆ ಬರಲ್ಲ." ನಾವು ಕೇಳ್ಲಿಲ್ಲ, ಸೀದಾ ಹೋಗಿ ಕಾಕ್‌ಪಿಟ್‌ನಲ್ಲಿ ಕೂತು ಸೆಲ್ಫಿ ತೆಗೆಸ್ಕೊಂಡ್ವಿ. ಅವರು ಒಂದು ಮುರುಕು ಟೇಬಲ್ ಹತ್ರ ಲಾಗ್‌ಬುಕ್, ಅಂದ್ರೆ ಪ್ಲೇನಿನ ಹಾರಾಟ ರಿಪೇರಿ ಎಲ್ಲಾ ಬರೆದಿಡೋ ಪುಸ್ತಕ, ರಾಶಿ ಹಾಕ್ಕೊಂಡು ಕೂತ್ರು.

ನಾನು ಮಾಡಿದ ಉಪಯೋಗದ ಕೆಲಸ ಅಂದ್ರೆ ಒಂದೇ, ಪೇಂಟ್ ಎಷ್ಟು ದಪ್ಪ ಇದೆ ಅಂತ ಅಳೆಯೋ ಗೇಜ್ ತಂದಿದ್ದು. ಇದು ಗೊತ್ತಿಲ್ದೋರಿಗೆ ಹೇಳ್ತೀನಿ, ಕಾರಿನ ಕಬ್ಬಿಣದ ಶೀಟಿಗೆ ಮ್ಯಾಗ್ನೆಟಿಕ್ ಗೇಜ್ ಸಾಕು, ಪ್ಲೇನ್ ಮೈ ಅಲ್ಯೂಮಿನಿಯಂ, ಅದಕ್ಕೆ ಎಡ್ಡಿ ಕರೆಂಟ್ ಇರೋ ಗೇಜೇ ಬೇಕು, ಬರೀ ಮ್ಯಾಗ್ನೆಟಿಕ್ ಇರೋ ಅಗ್ಗದ್ದು ತಗೊಂಡೋದ್ರೆ ಅದು ಏನೂ ಅಳೀದೆ ಸುಮ್ನೆ ನಿಮ್ಮ ಮುಖ ನೋಡುತ್ತೆ. ರೆಕ್ಕೆ, ಬಾಲ, ಬಾಗ್ಲು, ಎಲ್ಲಾ ಕಡೆ 120, 130 ಮೈಕ್ರಾನ್ ಬಂತು. ಹೊಟ್ಟೆ ಕೆಳಗೆ ಮಲ್ಕೊಂಡು ಫೈರ್‌ವಾಲ್ ಹಿಂದೆ ಎಡಗಡೆ ಇಟ್ಟೆ, 640. ಒಂದು ಗೇಣು ಪಕ್ಕಕ್ಕೆ ಇಟ್ಟೆ, 590. ಇನ್ನೊಂದು ಗೇಣು, ಮತ್ತೆ 125. ಮೇಷ್ಟ್ರನ್ನ ಕೂಗಿದ್ರೆ ಅವರು ಬಂದು ಗೇಜ್ ಕಡೆ ತಿರುಗಿ ಕೂಡ ನೋಡ್ಲಿಲ್ಲ, ಜೇಬಿಂದ ಎರಡು ರೂಪಾಯಿ ನಾಣ್ಯ ತೆಗೆದು ಕುಟ್ಟಿದ್ರು. ಬೇರೆ ಕಡೆ ಟಣ್ ಅಂತು, ಅಲ್ಲಿ ದಬ್ ಅಂತು, ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ ಹಾಗೆ. ಒಳಗೆ ಫಿಲ್ಲರ್ ಪುಟ್ಟಿ ತುಂಬಿದಾರೆ.

ಆಮೇಲೆ ನಂಗೆ ಸರ್ಕಸ್ಸು. ಪೈಲಟ್ ಸೀಟ್ ಹಿಂದಕ್ಕೆ ತಳ್ಳಿ, ತಲೆ ರಡ್ಡರ್ ಪೆಡಲ್ ಕೆಳಗೆ, ಕಾಲು ಸೀಟ್ ಮೇಲೆ, ಹಲ್ಲಿನ ಡಾಕ್ಟ್ರ ಹತ್ರ ಇರುತ್ತಲ್ಲ ಆ ಥರ ಕನ್ನಡಿ ಒಂದು ಕೈಲಿ, ಟಾರ್ಚು ಇನ್ನೊಂದು ಕೈಲಿ. ಬಲಗಡೆ 1998ರ ಪ್ಯಾಚು ಕಾಣ್ಸ್ತು, ಏನ್ ಕೆಲಸ ಮಾರಾಯ್ರೇ, ರಿವೆಟ್ ಎಲ್ಲಾ ದಾರ ಹಿಡಿದಂಗೆ ಸಾಲಾಗಿದಾವೆ, ಹಳದಿ ಹಸಿರು ಝಿಂಕ್ ಕ್ರೋಮೇಟ್ ಪ್ರೈಮರ್ ಹಾಗೇ ಇದೆ. ಎಡಗಡೆ ಇನ್ನೊಂದು ತುಂಡು. ಪ್ರೈಮರ್ ಇಲ್ಲ. ಶೀಟು ಸ್ವಲ್ಪ ಸುಕ್ಕಾಗಿ ನಿಂತಿದೆ, ಮೂರು ರಿವೆಟ್ಟು ಬೇರೆ ಜಾತಿದು, ಮಧ್ಯ ತೂತಿರೋ ಪಾಪ್ ರಿವೆಟ್, ಹಾರ್ಡ್‌ವೇರ್ ಅಂಗ್ಡೀಲಿ ಕಿಟಕಿ ಫ್ರೇಮ್‌ಗೆ ಕೊಡ್ತಾರಲ್ಲ ಅದೇ. ಅದ್ರ ಸುತ್ತ ಕಾಡಿಗೆ ಹಚ್ಚಿದಂಗೆ ಕರಿ ಪುಡಿ. ಅಲ್ಯೂಮಿನಿಯಂ ಅಲ್ಲಾಡಿ ಅಲ್ಲಾಡಿ ಉಜ್ಜಿ ಬಂದ ಪುಡಿ ಅದು, ರಿವೆಟ್ ಸಡಿಲ ಆಗಿದೆ ಅಂತ ಅರ್ಥ. ಇದಕ್ಕೆ ಪ್ಲೇನ್ ರಿಪೇರಿಯವ್ರ ಭಾಷೇಲಿ "ಸ್ಮೋಕಿಂಗ್ ರಿವೆಟ್" ಅಂತಾರೆ, ನೋಡಿದ್ರೆ ಹೊಗೆ ಹಿಡಿದಂಗೇ ಕಾಣುತ್ತೆ.

ಬ್ರೋಕರ್‌ನ ಕೇಳಿದ್ರೆ ಅದೂ 1998ದೇ ಅಂದ.

ಈಗ ಲಾಗ್‌ಬುಕ್ ಕಥೆ, ಇದಕ್ಕೋಸ್ಕರನೇ ಇಷ್ಟು ಬರೀತಿರೋದು. 1998ರ ರಿಪೇರಿಗೆ ಬೇಕಾದ್ದೆಲ್ಲಾ ಇತ್ತು, ಪಾರ್ಟ್ ನಂಬರು, ರಿಲೀಸ್ ಸರ್ಟಿಫಿಕೇಟು, ಬ್ಲ್ಯಾಕ್ ಅಂಡ್ ವೈಟ್ ಫೋಟೋ ಸಹ, ರಿಪೇರಿ ಆದ್ಮೇಲೆ ಮತ್ತೆ ತೂಕ ಹಾಕಿದ ಶೀಟು. ಆದ್ರೆ ಏರ್‌ಫ್ರೇಮ್ ಲಾಗ್‌ನ (ಪ್ಲೇನಿನ ಮೈಗೆ ಸಂಬಂಧಪಟ್ಟ ಲಾಗ್‌ಬುಕ್) ಎರಡನೇ ವಾಲ್ಯೂಮ್ ಇಲ್ಲ. ಮೊದಲ್ನೇದು 2001ಕ್ಕೆ ಮುಗಿಯುತ್ತೆ, ಮೂರನೇದು 2008ಕ್ಕೆ ಶುರು. ಎಲ್ಲಿ ಅಂದ್ರೆ, "ಸರ್ ಅದು 26 ಜುಲೈಗೆ ಹೋಯ್ತು." ಮುಂಬೈನೋರಿಗೆ ವರ್ಷ ಹೇಳೋದೇ ಬೇಡ, 2005, ಸಾಂತಾಕ್ರೂಝ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಮ್ಮ ಮಾಟುಂಗಾದವ್ನ ಮುಖ ತಕ್ಷಣ ಮೆತ್ತಗಾಯ್ತು, ಅವರ ಹೋಟ್ಲಿಗೂ ಅವತ್ತು ನೀರು ನುಗ್ಗಿ ಅಕ್ಕಿ ಮೂಟೆ ಎಲ್ಲಾ ಹೋಗಿತ್ತಂತೆ, "ಪಾಪ ಮಾರಾಯ್ರೇ, ಇದ್ದೀತು" ಅಂದ.

ಮೇಷ್ಟ್ರು ಏನೂ ಮಾತಾಡ್ಲಿಲ್ಲ. ಪ್ರೊಪೆಲ್ಲರ್ ಲಾಗ್‌ಬುಕ್ ತೆಗೆದ್ರು. ಅದು ತೆಳ್ಳಗೆ ಶಾಲೆ ನೋಟ್‌ಬುಕ್ ಥರ ಇರುತ್ತೆ, ಯಾರೂ ಓದಲ್ಲ. ಮೊದಲ್ನೇ ಸಾಲಲ್ಲೇ, ಫೆಬ್ರವರಿ 2007, ಹೊಸ ಪ್ರೊಪೆಲ್ಲರ್ ಫಿಟ್ ಮಾಡಿದೆ, "ವಿವರಕ್ಕೆ ಏರ್‌ಫ್ರೇಮ್ ಲಾಗ್ ವಾಲ್ಯೂಮ್ 2 ನೋಡಿ" ಅಂತ ಪುಟದ ನಂಬರ್ ಸಮೇತ. ಅವರು ಕನ್ನಡಕ ಹಣೆ ಮೇಲೆ ಏರಿಸ್ಕೊಂಡು, ಕನ್ನಡದಲ್ಲೇ, ಬ್ರೋಕರ್‌ಗೆ ಅರ್ಥ ಆಗ್ಬಾರ್ದು ಅಂತ ನಮ್ಮ ಕಡೆ ತಿರುಗಿ, "2005ರ ಮಳೇಲಿ 2007ರ ಪುಟ ಹೆಂಗಪ್ಪಾ ನೆನೀತು?" ಅಂದ್ರು. ಧಾರವಾಡದವ್ನು "ಯಪ್ಪಾ, ಮಳಿ ಮುಂಗಡನ ಬಂದಿತ್ತೇನ್ರೀ" ಅಂತ ನಗೋಕ್ ಶುರು ಮಾಡ್ದ, ಆಮೇಲೆ ಯಾರಿಗೂ ನಗು ಬರ್ಲಿಲ್ಲ.

ಯಾಕಂದ್ರೆ ಹೊಸ ಪ್ರೊಪೆಲ್ಲರ್ ಸುಮ್ನೆ ಹಾಕಲ್ಲ. ಎಡಗಡೆ ಪುಟ್ಟಿ, ಪ್ರೈಮರ್ ಇಲ್ದಿರೋ ಪ್ಯಾಚು, ಹೊಸ ಪ್ರೊಪೆಲ್ಲರು, ಮೂರೂ ಸೇರಿಸಿದ್ರೆ 2007ರಲ್ಲಿ ಇನ್ನೊಂದ್ ಸಲ ಮೂಗು ಬಡಿದಿದೆ, ಪ್ರೊಪೆಲ್ಲರ್ ನೆಲಕ್ಕೆ ತಾಗಿದೆ ಅಂತಾನೇ ಮೇಷ್ಟ್ರ ಲೆಕ್ಕ. ಎಂಜಿನ್ ತಿರುಗ್ತಾ ಇರುವಾಗ ಪ್ರೊಪೆಲ್ಲರ್ ನೆಲಕ್ಕೆ ಬಡಿದ್ರೆ ಬರೀ ಪ್ರೊಪೆಲ್ಲರ್ ಬದಲಾಯಿಸಿದ್ರೆ ಮುಗೀಲಿಲ್ಲ, ಆ ಏಟು ಅದನ್ನ ತಿರುಗಿಸೋ ಕ್ರ್ಯಾಂಕ್‌ಶಾಫ್ಟ್ ಒಳಗೆ ಹೋಗುತ್ತೆ. ಲೈಕಮಿಂಗ್‌ಗೆ ಇದ್ರ ಮೇಲೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 2004ರಲ್ಲಿ ಹೊರಡಿಸಿದ ಕಡ್ಡಾಯ ಆದೇಶನೇ ಇದೆ, ಹೀಗೆ ಪ್ರೊಪೆಲ್ಲರ್ ಬಡಿದ್ರೆ ಮತ್ತೆ ಹಾರೋ ಮೊದ್ಲು ಹಿಂದ್ಗಡೆ ಕ್ರ್ಯಾಂಕ್‌ಶಾಫ್ಟ್ ಗೇರು, ಅದ್ರ ಡೋವೆಲ್ ಪಿನ್ನು, ಬೋಲ್ಟು ಬಿಚ್ಚಿ ನೋಡ್ಬೇಕು ಅಂತ. ಆ ಗೇರ್ ಬಿಟ್ಕೊಂಡ್ರೆ ಎಂಜಿನ್ ಆಕಾಶದಲ್ಲೇ ನಿಲ್ಲುತ್ತೆ. ಇವರ ಎಂಜಿನ್ ಲಾಗ್‌ನಲ್ಲಿ ಏಪ್ರಿಲ್ 2007ಕ್ಕೆ ಒಂದೇ ಸಾಲು, "ಎಂಜಿನ್ ಮತ್ತೆ ಕೂರಿಸಿದೆ." ಬಿಚ್ಚಿದ್ರಾ, ಏನ್ ನೋಡಿದ್ರು, ಯಾರು ಸೈನ್ ಹಾಕಿದ್ರು, ಒಂದೂ ಇಲ್ಲ.

ಬ್ರೋಕರ್ ಮಾತ್ರ "ಓವರ್‌ಹಾಲ್ ಆದ್ಮೇಲೆ, ಅಂದ್ರೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ಮೇಲೆ, ಬರೀ 640 ಗಂಟೆ ಓಡಿದೆ ಸರ್" ಅಂತ ಹೆಮ್ಮೆ ಪಡ್ತಾನೇ ಇದ್ದ (ಪುಟ್ಟೀನೂ 640, ಗಂಟೇನೂ 640, ಆ ನಂಬರ್ ಕಂಡ್ರೇನೇ ಈಗ ನಂಗೆ ಆಗಲ್ಲ). ಸ್ಕೂಟರ್ ಕಮ್ಮಿ ಓಡಿದ್ರೆ ಒಳ್ಳೇದು, ಪ್ಲೇನ್‌ಗೆ ಅದು ಉಲ್ಟಾ. ಲೈಕಮಿಂಗ್‌ನೋರು ಹೇಳೋದೇ 2000 ಗಂಟೆ ಇಲ್ಲಾಂದ್ರೆ 12 ವರ್ಷ, ಯಾವ್ದು ಮೊದ್ಲೋ ಅವಾಗ ಮತ್ತೆ ಓವರ್‌ಹಾಲ್ ಮಾಡ್ಸಿ ಅಂತ. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಸೋ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರುತ್ತೆ, ನಿಲ್ಲಿಸಿಟ್ರೆ ಎಣ್ಣೆ ಎಲ್ಲಾ ಕೆಳಗಿಳಿದು ಕ್ಯಾಮ್ ಒಣಗುತ್ತೆ, ತೇವ ಕೂತು ತುಕ್ಕು. ಅದೂ ಈ ಪ್ಲೇನು ಹಲವು ವರ್ಷ ಜುಹೂನಲ್ಲಿ ನಿಂತಿತ್ತಂತೆ, ಸಮುದ್ರದ ಉಪ್ಪು ಗಾಳಿಗೆ. ಜುಹೂ ಅಂದಿದ್ದೇ ತಡ ಬ್ರೋಕರ್ 1932ರ ಅಕ್ಟೋಬರ್ 15ಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಅನ್ನೋ ಪುಟ್ಟ ಪ್ಲೇನ್‌ನಲ್ಲಿ ಟಪಾಲು ತಂದು ಅಲ್ಲೇ ಇಳಿದಿದ್ದು ಅಂತ ಕಥೆ ಶುರು ಮಾಡ್ದ, ನಂಗೂ ರೋಮಾಂಚನ ಆಗುತ್ತೆ ಸ್ವಾಮಿ, ಆದ್ರೆ ಅದಕ್ಕೂ ಈ ಕ್ಯಾಮ್‌ಶಾಫ್ಟ್‌ಗೂ ಏನ್ ಸಂಬಂಧ.

ಕಂಪ್ರೆಷನ್ ಟೆಸ್ಟ್ ಮಾಡಕ್ಕೆ ಹ್ಯಾಂಗರ್‌ನ ಎಂಜಿನಿಯರ್ ಒಪ್ಪಿದ್ರು, ಅವರು ಒಳ್ಳೆಯವ್ರು. 80 ಪೌಂಡ್ ಗಾಳಿ ಬಿಟ್ರೆ ನಾಲ್ಕರಲ್ಲಿ ಮೂರು ಸಿಲಿಂಡರ್ 72ರ ಮೇಲೆ ನಿಂತ್ವು, ಮೂರನೇ ನಂಬರಿಂದು ಮಾತ್ರ 58. ಮೇಷ್ಟ್ರು ಸೈಲೆನ್ಸರ್ ಪೈಪ್‌ಗೆ ಕಿವಿ ಕೊಟ್ಟು ನನ್ನನ್ನೂ ಕರೆದ್ರು, ಹಾಲು ಕಾಯೋ ಮುಂಚೆ ಬರುತ್ತಲ್ಲ ಸಣ್ಣ ಸುಯ್ ಅನ್ನೋ ಸದ್ದು, ಎಕ್ಸಾಸ್ಟ್ ವಾಲ್ವ್ ಲೀಕು. ಇದೊಂದೇ ಆಗಿದ್ರೆ ಬೆಲೆ ಇಳಿಸಿ ಮುಗಿಸ್ಬೋದಿತ್ತು.

ಒಳ್ಳೇದೂ ಹೇಳ್ಬೇಕು. ಸೀಟ್ ರೇಲ್ (ಸೀಟು ಹಿಂದೆ ಮುಂದೆ ಜಾರೋ ಕಂಬಿ) ಹೊಸದು, ಸೆಸ್ನಾದಲ್ಲಿ ಇದು ಸಣ್ಣ ವಿಷ್ಯ ಅಲ್ಲ, ತೂತು ಸವೆದು ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರಿ ಪೈಲಟ್ ಕಂಟ್ರೋಲ್ ಹಿಡ್ಕೊಂಡೇ ಹಿಂದೆ ಬಿದ್ದು ಜನ ಸತ್ತಿದಾರೆ. ತಲೆ ಮೇಲಿನ ಬಟ್ಟೆ ಸರಿಸಿ ನೋಡಿದ್ರೆ ರೆಕ್ಕೆಗಳನ್ನ ಸೇರಿಸೋ ಸ್ಪಾರ್, ಅಂದ್ರೆ ತೊಲೆ, ಕ್ಲೀನು. ಬಾಲದೊಳಗೆ ಕುಂಬಾರ ಹುಳದ ಗೂಡು ಮೂರೋ ನಾಲ್ಕೋ, ಮಣ್ಣು ತೇವ ಹಿಡ್ಕೊಳುತ್ತೆ ಆದ್ರೂ ಕೆರೆದ್ರೆ ಕೆಳಗೆ ತುಕ್ಕಿರ್ಲಿಲ್ಲ. ಇಲಿ ಇಲ್ಲ. ರೆಕ್ಕೆ ಕೆಳಗೆ ಒಂದ್ಕಡೆ ನೀಲಿ ಕಲೆ ಇತ್ತು, ಏವ್‌ಗ್ಯಾಸ್ (ಪ್ಲೇನ್ ಪೆಟ್ರೋಲು) ಬಣ್ಣ ನೀಲಿ, ಟ್ಯಾಂಕ್ ಸ್ವಲ್ಪ ಸೋರ್ತಿದೆ. ಹಿಂದಿನ ಸ್ಪಾರ್‌ನಲ್ಲಿ ರೆಕ್ಕೆ ಕೋನ ಅಡ್ಜಸ್ಟ್ ಮಾಡೋ ಬುಷ್ ಬಲಗಡೆ ಕೊನೇವರೆಗೂ ತಿರುಗಿಸಿದಾರೆ, ಅಂದ್ರೆ ಹಾರುವಾಗ ಒಂದು ಪಕ್ಕಕ್ಕೆ ವಾಲ್ತಿತ್ತೇನೋ. ಹಾರಿಸಿ ನೋಡೋಣ ಅಂದ್ರೆ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ಇಲಾಖೆ) ಲೆಕ್ಕದ ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್, ಅಂದ್ರೆ ಹಾರಕ್ಕೆ ಯೋಗ್ಯ ಅನ್ನೋ ಪತ್ರ, ಮುಗಿದು ಹೋಗಿದೆ, ನೆಲದ ಮೇಲೇ ಎಂಜಿನ್ ಓಡಿಸಿ ತೃಪ್ತಿ ಪಟ್ಕೋಬೇಕು.

ವಾಪಸ್ ಬರ್ತಾ ಢಾಬಾದಲ್ಲಿ ಕೂತು ಜಗಳ. ಮಾಟುಂಗಾದವ್ನು ಹೇಗಾದ್ರೂ ತಗೊಳ್ಳೋಣ ಅಂತ, ಅವನಿಗೆ ಕೆಂಪು ಗೆರೆ ಹಿಡಿಸಿಬಿಟ್ಟಿದೆ. ಕೊನೆಗೆ ಮೇಷ್ಟ್ರು ಹೇಳಿದ ಹಾಗೆ ಆಫರ್ ಕೊಟ್ವಿ: ಎಂಜಿನ್‌ಗೆ ಗುಜರಿ ರೇಟು, ಎಡಗಡೆ ಪ್ಯಾಚ್ ಬಿಚ್ಚಿ ಸರಿಯಾಗಿ ಮಾಡಿ ಸೈನ್ ಹಾಕಿಸಿಕೊಡೋದು ಅವರ ಖರ್ಚು. ಎರಡನೇ ಪೆಟ್ಟಿಗೆ ನಾನು ಪ್ಲೇನ್ ಬಿಡ್ತಿರ್ಲಿಲ್ಲ, ಮೊದಲ್ನೇದ್ರ ಥರ ಅದನ್ನೂ ಹೇಳಿ ಪೇಪರ್ ಕೊಟ್ಟಿದ್ರೆ ಇವತ್ತು ಅಡ್ವಾನ್ಸ್ ಹೋಗಿರ್ತಿತ್ತು. ಹೈದ್ರಾಬಾದ್ ಪಾರ್ಟಿ ಕ್ಯಾಶ್ ಹಿಡ್ಕೊಂಡು ನಿಂತಿದಾರೆ ಅಂತ ಬ್ರೋಕರ್ ಫೋನ್ ಇಟ್ಟ.

ಇದಾಗಿ ಮೂರು ವಾರ. ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಮೆಸೇಜು: "ಸರ್, ವಾಲ್ಯೂಮ್ 2 ಸಿಕ್ಕಿದೆ, ಬನ್ನಿ." ಮೇಷ್ಟ್ರಿಗೆ ಫಾರ್ವರ್ಡ್ ಮಾಡಿದ್ರೆ ಅವರು ಕಳಿಸಿದ್ದು ಒಂದೇ ಸಾಲು, "ಒದ್ದೆ ಆಗಿದೆಯಾ ಕೇಳು." ಹಾಗೇ ಕೇಳ್ದೆ. ಎರಡು ನೀಲಿ ಟಿಕ್ ಬಿದ್ದಿದೆ, ಇನ್ನೂ ಉತ್ತರ ಇಲ್ಲ.