ಒಂಬತ್ತು ವರ್ಷದ ದೊಡ್ಡ ಎಸ್‌ಯುವಿ ಕೊಂಡ ಮೇಲೆ: ಟೈರ್ ಲೆಕ್ಕದಲ್ಲಿ ರಿಪೇರಿ

"ಇಂಜಿನ್ ಕಲ್ಲಿದ್ದ ಹಾಗಿದೆ ಸರ್" ಅಂದಿದ್ದ ಮಾರಿದವನು. ಸುಳ್ಳು ಹೇಳಲಿಲ್ಲ ಪಾಪ. ಮೂರು ವರ್ಷದಲ್ಲಿ 41,000 ಕಿ.ಮೀ. ಓಡಿಸಿದ್ದೇನೆ, ಒಂದು ಸಲವೂ ದಾರಿಯಲ್ಲಿ ಕೈಕೊಟ್ಟಿಲ್ಲ. ನನ್ನ ದುಡ್ಡು ತಿಂದದ್ದೆಲ್ಲ ಇಂಜಿನ್ನಿನ ಸುತ್ತ ಇರುವ ಸಾಮಾನು.

ಎಂಟು ಸೀಟು, ಲ್ಯಾಡರ್ ಫ್ರೇಮ್, ಪೆಟ್ರೋಲ್ ವಿ8, ಆಟೋಮ್ಯಾಟಿಕ್, ಫೋರ್ ವೀಲ್ ಡ್ರೈವ್. ಕೊಂಡಾಗ ಮೀಟರಿನಲ್ಲಿ 1,48,000. ಹೊಸದರ ಕಾಲು ಭಾಗ ಬೆಲೆಗೆ ಸಿಕ್ಕಿತು ಅಂತ ಹಿಗ್ಗಿದ್ದೆ. ಗಾಡಿಗೆ ವಯಸ್ಸಾಗಿದೆ ಅನ್ನುವ ಸುದ್ದಿ ಅದರ ಬಿಡಿಭಾಗಗಳಿಗೆ ತಲುಪಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವುಗಳ ಬೆಲೆ ಇವತ್ತಿಗೂ ದುಬಾರಿ ಗಾಡಿಯದೇ.

ಖರ್ಚು ಬರೆದಿಡಲು ನನ್ನದೇ ಒಂದು ಅಳತೆ ಇದೆ: ಈ ಗಾಡಿಯ ಒಂದು ಹೊಸ ಟೈರಿನ ಬೆಲೆ. ಮೊದಲ ತಿಂಗಳೇ ನಾಲ್ಕು ಟೈರ್ ಹೋಯಿತು, ಅಕ್ಷರಶಃ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಕೋಡ್ ನೋಡದೆ ಕೊಂಡಿದ್ದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಮೇಲಿನ ಗೀರುಗಳು ಚೆನ್ನಾಗಿದ್ದವು, ರಬ್ಬರ್ ಮುದಿಯಾಗಿತ್ತು. ಎರಡೇ ಹಾಕಿ ಮುಗಿಸೋಣ ಅಂದರೆ ಮೆಕ್ಯಾನಿಕ್ ಬಿಡಲಿಲ್ಲ. ಹೊಸದು, ಸವೆದದ್ದು ಬೆರೆತರೆ ಸುತ್ತಳತೆ ಬೇರೆಯಾಗಿ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು.

ಹಿಂದಿನ ಏರ್ ಸಸ್ಪೆನ್ಷನ್ನಿನದು ನನ್ನದೇ ತಪ್ಪು. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಹಸು ಮಲಗಿದ ಹಾಗೆ ಹಿಂದೆ ಕುಸಿದಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಮತ್ತೆ ಎದ್ದು ನಿಲ್ಲುತ್ತದಲ್ಲ ಅಂತ ನಾಲ್ಕು ತಿಂಗಳು ತಳ್ಳಿದೆ. ಗಾಳಿಚೀಲದಲ್ಲಿ ಸಣ್ಣ ಬಿರುಕು. ಸೋರಿದಷ್ಟನ್ನೂ ತುಂಬಿ ತುಂಬಿ ಕಂಪ್ರೆಸರ್ ಸುಟ್ಟುಹೋಯಿತು. ಎರಡು ಟೈರಿಗೆ ಮುಗಿಯಬೇಕಾದದ್ದು ಆರಕ್ಕೆ ನಿಂತಿತು.

ಹೆದರಿಸಿದ್ದು ಮಾತ್ರ ಬೇರೆ. ಒಂದು ದಿನ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್. ಇಂಜಿನ್ ಮೇಲೆ ಲೋಡ್ ಕಡಿಮೆ ಇದ್ದಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಸಿ ಪೆಟ್ರೋಲ್ ಉಳಿಸುವ ಜಾತಿಯ ವಿ8 ಇದು. ಆ ಕೆಲಸ ಮಾಡುವ ಲಿಫ್ಟರ್‌ಗಳು, ಅಂದರೆ ವಾಲ್ವ್ ಎತ್ತುವ ಸಣ್ಣ ಭಾಗಗಳು, ನಡೆಯುವುದು ಆಯಿಲ್ ಪ್ರೆಶರ್ ಮೇಲೆ. ಒಂದು ಸಿಕ್ಕಿಕೊಂಡರೂ ಹೆಡ್ ಬಿಚ್ಚಬೇಕು, ಲಿಫ್ಟರ್ ತಳ್ಳುವ ಕ್ಯಾಮ್ ಸವೆದಿದ್ದರೆ ಅದೂ ಹೋಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ ಸುಮ್ಮನೆ ಹತ್ತು ನಿಮಿಷ ಕೇಳಿಸಿಕೊಂಡ. ಬಿಸಿಯಾಗುತ್ತಾ ಸದ್ದು ಕರಗಿತು. "ಲಿಫ್ಟರ್ ಆಗಿದ್ರೆ ಇಷ್ಟು ಸುಲಭಕ್ಕೆ ಸುಮ್ಮನಾಗಲ್ಲ ಅಣ್ಣ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರಿದಿದೆ" ಅಂದ. ಇಂಜಿನ್ನಿನ ಹೊಗೆ ಹೊರಗೊಯ್ಯುವ ಆ ಮ್ಯಾನಿಫೋಲ್ಡ್ ಸಡಿಲವಾಗಿ, ಸಂದಿನಿಂದ ಹೊಗೆ ಸೋರುವ ಸದ್ದು ಅದು; ಕಬ್ಬಿಣ ಕಾದು ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುತ್ತದಂತೆ. ಬೋಲ್ಟಿಗೆ ಬಿಡಿಗಾಸು. ತಲೆ ಮುರಿದು ಒಳಗೇ ಕೂತಿದ್ದ ತುಂಡನ್ನು ಕೊರೆದು ತೆಗೆಯಲು ಪೂರ್ತಿ ಒಂದು ದಿನದ ಕೂಲಿ, ಎರಡು ಟೈರ್. ಮೂಗಿಗಿಂತ ಮೂಗುತಿ ಭಾರ.

ಈಗ ಇಂಥ ಗಾಡಿ ನೋಡಲು ಯಾರಾದರೂ ನನ್ನನ್ನು ಕರೆದರೆ ಮಾರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಬಿಸಿ ಇಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ.

ಉಳಿದದ್ದು ಸವೆಯಲೇಬೇಕಾದ್ದು: ಎರಡೂವರೆ ಟನ್ ಗಾಡಿಯ ಮುಂದಿನ ಭಾರ ಹೊರುವ ಬಾಲ್ ಜಾಯಿಂಟು, ಲೋಯರ್ ಆರ್ಮ್ ಬುಷ್, ಬ್ರೇಕ್ ಡಿಸ್ಕು. ಎಲ್ಲಾ ಸೇರಿ ಐದು ಟೈರ್. ಹಿಂದಿನ ಸೀಟಿಗೆ ಎಸಿ ಒಯ್ಯುವ ಅಲ್ಯೂಮಿನಿಯಂ ಪೈಪು ಗಾಡಿಯಡಿ ಕೆಸರು ತಿಂದು ತೂತಾಗಿತ್ತು, ಒಂದೂವರೆ. ಗೇರ್‌ಬಾಕ್ಸ್ ಆಯಿಲ್ ಆಜೀವ ಬದಲಿಸಬೇಕಿಲ್ಲ ಅಂದಿದ್ದರು, ಯಾರ ಜೀವ ಅಂತ ಹೇಳಿರಲಿಲ್ಲ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದನ್ನು ತೆಗೆಸಿ ಹೊಸದು ಹಾಕಿಸಿದೆ. ಅರ್ಧ ಟೈರೂ ಆಗಲಿಲ್ಲ, ಗೇರ್ ಬೀಳುವಾಗಿನ ಜರ್ಕ್ ನಿಂತಿತು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಇನ್ನೊಂದರಲ್ಲಿ ಕಂಡಿಲ್ಲ.

ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಕೊಂಡ ಬೆಲೆಯ ಮೂರನೇ ಒಂದು ಭಾಗದಷ್ಟನ್ನು ಮೊದಲೇ ಪಕ್ಕಕ್ಕಿಡಲು ಆಗದವರು ಇದರ ಹತ್ತಿರ ಹೋಗಬೇಡಿ.

ಹೋದ ವಾರದಿಂದ ಮುಂದಿನ ಚಕ್ರದಲ್ಲಿ ಗುಂಯ್ ಅನ್ನುತ್ತಿದೆ. ಸ್ಟೇರಿಂಗ್ ಬಲಕ್ಕೆ ಎಳೆದರೆ ಜಾಸ್ತಿ, ಅಂದರೆ ಭಾರ ಬೀಳುವ ಎಡಗಡೆಯ ಬೇರಿಂಗ್. ಒಂದೂವರೆ ಟೈರ್ ಎತ್ತಿಟ್ಟಿದ್ದೇನೆ.