ಶ್ರೀನಾಥ್ ಸಹಿಗೆ ಕೊಟ್ಟ 4,500 ರೂಪಾಯಿ

ಹಾಸನದ ಬಿ.ಎಂ. ರಸ್ತೆಯ ಒಂದು ಸ್ಪೋರ್ಟ್ಸ್ ಅಂಗಡಿ, ಹೆಸರು ಬೇಡ. ಷಟಲ್ ಕಾಕ್, ಟ್ರೋಫಿ ಅಂತ ವರ್ಷಗಳಿಂದ ಅಲ್ಲಿಗೇ ಹೋಗುತ್ತೇನೆ. ಹೋದ ತಿಂಗಳು ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಯಲ್ಲಿ ಜಾವಗಲ್ ಶ್ರೀನಾಥ್ ಬೌಲಿಂಗ್ ಮಾಡುತ್ತಿರುವ ಫೋಟೊ ನೋಡಿದೆ. ಕೆಳಗೆ ನೀಲಿ ಇಂಕಿನ ಸಹಿ, ಒಳ್ಳೆ ಫ್ರೇಮು, 4,500 ರೂಪಾಯಿ. ನಾವು ಅರಸೀಕೆರೆ ಕಡೆಯವರು, ಜಾವಗಲ್ ನಮ್ಮ ತಾಲೂಕೇ, ಟೆಸ್ಟ್‌ನಲ್ಲಿ 236, ಒನ್‌ಡೇಯಲ್ಲಿ 315 ವಿಕೆಟ್ ತೆಗೆದವರ ಹೆಸರಲ್ಲಿ ನಮ್ಮೂರ ಹೆಸರೂ ಇದೆ ಅಂತ ಬೀಗಿಕೊಂಡೇ ಬೆಳೆದವರು. ಚೌಕಾಸಿಯನ್ನೂ ಮಾಡಲಿಲ್ಲ.

ವಾರದ ನಂತರ ಇನ್ನೇನೋ ತರಲು ಹೋದರೆ ಅದೇ ಜಾಗದಲ್ಲಿ ಅದೇ ಫೋಟೊ ಮತ್ತೊಂದು! ಫೋಟೊ ಒಂದೇ ಆಗಿದ್ದರೆ ಪರವಾಗಿಲ್ಲ, ಸಹಿಯೂ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ, ಕೊನೆಯ ಬಾಲ ಫೋಟೊದ ಅಂಚಿನಿಂದ ಅಷ್ಟೇ ದೂರದಲ್ಲಿ ನಿಂತಿತ್ತು. ಬ್ಯಾಂಕಿನಲ್ಲಿ ಎರಡು ಸಲ ಸಹಿ ಹಾಕಿದರೆ ನನ್ನದೇ ಹೊಂದುವುದಿಲ್ಲ, ಅಲ್ವಾ?

ಮನೆಗೆ ಬಂದು ಫ್ರೇಮ್ ಬಿಚ್ಚಿದೆ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ವಾಚ್ ರಿಪೇರಿ ಮಾಡುವ ನಮ್ಮ ಭಾವ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ನೋಡಿ, "ಇದು ಪೆನ್ನಲ್ಲ ಕಣೋ, ಚುಕ್ಕಿ" ಅಂದರು. ನಾನೂ ನೋಡಿದೆ. ನೀಲಿ ಗೆರೆ ಅಂದುಕೊಂಡಿದ್ದು ಸಣ್ಣ ಸಣ್ಣ ಬಣ್ಣದ ಚುಕ್ಕಿಗಳ ರಾಶಿ, ಪಕ್ಕದ ಹುಲ್ಲಿನಲ್ಲೂ ಅದೇ ಚುಕ್ಕಿ. ಅಂದರೆ ಸಹಿಯೂ ಫೋಟೊ ಜೊತೆಗೇ ಪ್ರಿಂಟ್ ಆಗಿದೆ. ಪೆನ್ನಿನದಾದರೆ ಗೆರೆ ಮೇಲೆ ಗೆರೆ ಹಾದ ಕಡೆ ಬಣ್ಣ ದಟ್ಟವಾಗುತ್ತದೆ, ಓರೆ ಹಿಡಿದರೆ ಇಂಕು ಫೋಟೊದ ಹೊಳಪಿನ ಮೇಲೆ ಬೇರೆಯಾಗಿ ಕಾಣುತ್ತದೆ. ಚುಕ್ಕಿ ಇಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಕೈಯಲ್ಲೇ ನಕಲು ಹಾಕುವವರು ಇದ್ದಾರೆ.

ಕೇಳಲು ಹೋದರೆ "ಸರ್ಟಿಫಿಕೇಟ್ ಕೊಟ್ಟಿದೀವಲ್ಲ ಸಾರ್" ಅಂದರು. ಆ ಸರ್ಟಿಫಿಕೇಟ್ ಮೇಲಿದ್ದದ್ದು ಅವರದೇ ಅಂಗಡಿ ಸೀಲು! ಅಮೆರಿಕದಲ್ಲಿ 1990ರ ದಶಕದಲ್ಲಿ ಎಫ್‌ಬಿಐ ಹಿಡಿದ ನಕಲಿ ಸಹಿ ಜಾಲದವರೂ ಹೀಗೇ ಸುಳ್ಳು ಸರ್ಟಿಫಿಕೇಟ್ ಅಂಟಿಸಿ ಮಾರುತ್ತಿದ್ದರು. ಪಿಎಸ್‌ಎ, ಜೆಎಸ್‌ಎ ತರಹದ ಸಹಿ ಪರೀಕ್ಷಿಸುವ ಕಂಪನಿಗಳು ನಂಬರ್ ಕೊಡುತ್ತವೆ, ಅದನ್ನು ಅವರ ವೆಬ್‌ಸೈಟಿನಲ್ಲಿ ನಾವೇ ಟೈಪ್ ಮಾಡಿ ನೋಡಬೇಕು, ಸ್ಟಿಕ್ಕರ್ ಮೇಲಿನ ಕ್ಯೂಆರ್ ಕೋಡ್ ನಂಬಬಾರದು. ಸಹಿ ಯಾರು ಹಾಕಿಸಿಕೊಂಡರು, ಎಲ್ಲಿ, ಯಾವಾಗ ಅಂತ ಕೇಳಿದ್ದಕ್ಕೆ ಹುಡುಗ ಮಾಲೀಕರ ಮುಖ ನೋಡಿದ, ಮಾಲೀಕರು ಮೊಬೈಲ್ ನೋಡಿದರು. ಇದನ್ನೆಲ್ಲ ದುಡ್ಡು ಕೊಡುವ ಮೊದಲೇ ಕೇಳಬೇಕಿತ್ತು, ತಪ್ಪು ನಂದೇ.

ಅರ್ಧ ಗಂಟೆ ಜಗಳದ ಮೇಲೆ 2,500 ವಾಪಸ್ ಕೊಟ್ಟರು, ಉಳಿದಿದ್ದಕ್ಕೆ ಕ್ಯಾರಂ ಬೋರ್ಡ್ ಹೊರಿಸಿ ಕಳಿಸಿದರು. ಬೋರ್ಡ್ ಮಾತ್ರ ಚೆನ್ನಾಗಿದೆ, ಸ್ಟ್ರೈಕರ್ ಸಲೀಸಾಗಿ ಓಡುತ್ತದೆ.