ಮಲೆನಾಡಿನ ಕಚೇರಿಯಲ್ಲಿ ವಿಸ್ಯಾಟ್: ಎರಡು ಮಳೆಗಾಲ ಕಂಡ ಮೇಲೆ

ಫೈಬರ್ ಇನ್ನೂ ಬಾರದ, ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ನಮ್ಮೂರಿನ ಸಹಕಾರ ಸಂಘದ ಕಚೇರಿಗೆ ವಿಸ್ಯಾಟ್, ಅಂದರೆ ಸಣ್ಣ ಡಿಶ್‌ನ ಮೂಲಕ ಬರುವ ಉಪಗ್ರಹ ಇಂಟರ್‌ನೆಟ್, ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಚಾವಣಿಯ ಮೇಲೆ 1.2 ಮೀಟರ್‌ನ ಡಿಶ್, ಒಳಗೆ ಒಂದು ಮೋಡೆಮ್. ಬೇಕಾದಾಗ ಬೇಕಾದಷ್ಟು ಬ್ಯಾಂಡ್‌ವಿಡ್ತ್ ಸಿಗುತ್ತದೆ ಎಂಬ ಭರವಸೆಯೊಂದಿಗೆ ಬಂದ ಸೇವೆಯಿದು. ಆ ಭರವಸೆ ಬಹುಪಾಲು ನಿಜ, ಆದರೆ ಅದಕ್ಕೆ ಷರತ್ತುಗಳಿವೆ.

ಅಪ್‌ಲೋಡ್‌ಗೆ ಮೀಸಲಾದ ತರಂಗಾಂತರವನ್ನು ನಮ್ಮಂಥ ಅನೇಕ ಕಚೇರಿಗಳು ಹಂಚಿಕೊಳ್ಳುತ್ತವೆ. ಕಳುಹಿಸಬೇಕಾದದ್ದು ಎಷ್ಟಿದೆ ಎಂದು ಮೋಡೆಮ್ ದೂರದ ಹಬ್‌ಗೆ, ಅಂದರೆ ಸೇವೆ ಕೊಡುವವರ ಕೇಂದ್ರ ನಿಲ್ದಾಣಕ್ಕೆ, ಉಪಗ್ರಹದ ಮೂಲಕ ತಿಳಿಸುತ್ತದೆ. ಹಬ್ ಎಲ್ಲರ ಬೇಡಿಕೆಯನ್ನೂ ನೋಡಿ, ಸೆಕೆಂಡಿನ ಸಣ್ಣ ಸಣ್ಣ ತುಣುಕುಗಳನ್ನು ಸರದಿಯಂತೆ ಕೊಡುತ್ತದೆ. ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವುದರಿಂದ, ಕೋರಿಕೆ ಹೋಗಿ ಅಪ್ಪಣೆ ಬರುವಷ್ಟರಲ್ಲೇ ಅರ್ಧ ಸೆಕೆಂಡ್ ಸರಿದಿರುತ್ತದೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳುಹಿಸಿ ಉತ್ತರ ಬರುವ ಸಮಯ ಅಳೆದು, ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಮೊದಲ ಉತ್ತರಕ್ಕೆ ಸುಮಾರು 1,200 ಮಿಲಿಸೆಕೆಂಡ್, ಪಾಲು ಸಿಕ್ಕ ಮೇಲೆ ಬರುವ ಉತ್ತರಗಳಿಗೆ 600ರ ಆಸುಪಾಸು. ಖಾತೆಯ ನಮೂದಿಗೆ ಇದು ಅಡ್ಡಿಯಲ್ಲ. ವಿಡಿಯೊ ಸಭೆಯಲ್ಲಿ ಮಾತ್ರ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಮೆಚ್ಚಬೇಕಾದದ್ದು ಮಳೆಯಲ್ಲಿನ ನಡವಳಿಕೆ. ಈ ಸೇವೆ ಬಳಸುವ ಕೆಯು ಬ್ಯಾಂಡ್ ಎಂಬ ಹೆಚ್ಚಿನ ಆವರ್ತನದ ರೇಡಿಯೊ ಸಿಗ್ನಲ್ಲನ್ನು ಜಡಿಮಳೆ ನುಂಗಿಬಿಡುತ್ತದೆ. ಹಾಗಾದಾಗ ಈ ವ್ಯವಸ್ಥೆ ಒಂದೊಂದು ಸಂಕೇತದಲ್ಲಿ ಕಡಿಮೆ ಮಾಹಿತಿ ತುಂಬಿ, ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ, ವೇಗ ಇಳಿದರೂ ಸಂಪರ್ಕ ಉಳಿಯುವಂತೆ ನೋಡಿಕೊಳ್ಳುತ್ತದೆ. ಜುಲೈನಲ್ಲಿ ದಿನವಿಡೀ ಸುರಿದಾಗ ಪುಟಗಳು ತೆವಳಿದವೇ ಹೊರತು, ಹಳೆಯ ಉಪಕರಣದ ಕಾಲದಂತೆ ಗಂಟೆಗಟ್ಟಲೆ ಕೆಂಪು ದೀಪ ನೋಡುತ್ತ ಕೂರಬೇಕಾಗಲಿಲ್ಲ.

ನನ್ನ ತಕರಾರು ಯೋಜನೆಯ ಕಾಗದದ ಬಗ್ಗೆ. ಅದರಲ್ಲಿ ದಪ್ಪಕ್ಷರದಲ್ಲಿದ್ದದ್ದು ಗರಿಷ್ಠ ವೇಗ. ಎಷ್ಟೇ ದಟ್ಟಣೆಯಿದ್ದರೂ ಸಿಗಲೇಬೇಕಾದ ಖಚಿತ ವೇಗ ಹಿಂಬದಿಯ ಪುಟದಲ್ಲಿ, ಅದೂ ಅಪ್‌ಲೋಡ್‌ಗೆ 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್) ಮಾತ್ರ. ಸಂಜೆ 5ರ ನಂತರ ಎಲ್ಲ ಕಚೇರಿಗಳೂ ದಿನದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ನಮಗೆ ದಕ್ಕುತ್ತಿದ್ದದ್ದು ಆ ಹಿಂಬದಿ ಪುಟದ ವೇಗವೇ. ಹೆಚ್ಚಿನ ಹಣ ಕೊಟ್ಟು ಅದನ್ನು 128ಕ್ಕೆ ಏರಿಸಿಕೊಂಡು, ಲೆಕ್ಕದ ತಂತ್ರಾಂಶಕ್ಕೆ ಮೊದಲ ಆದ್ಯತೆ ಬರೆಸಿದ ಮೇಲೆ ಗುಮಾಸ್ತರು ಕೊನೆಯ ಬಸ್ಸು ಹಿಡಿಯುವಂತಾಯಿತು. ಅಲ್ಲಿಯವರೆಗೆ ಸಹಾಯವಾಣಿಯವರು ಪ್ರತಿ ಸಲವೂ ಮಳೆಯನ್ನೇ ದೂರುತ್ತಿದ್ದರು, ಜನವರಿಯಲ್ಲೂ.

ಒಮ್ಮೆ ಮಾತ್ರ ತಪ್ಪು ನಮ್ಮದಾಗಿತ್ತು. ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಕೊಂಬಿನಾಕಾರದ ಭಾಗದ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಈಗ ತಿಂಗಳಿಗೊಮ್ಮೆ ಏಣಿ ಹಾಕಿ ಒರೆಸುತ್ತೇವೆ.